ಹುರಳಿ ಕಟ್ಟಿನ ಲೇಖನ ಯಾಕೆ ವಾಪಸ್ ಬಂತು

ನಮಸ್ಕಾರ.

ಗದಗಿನಿಂದ ನೀವು ಕಳಿಸಿದ, ಕಿಡ್ನಿ ಹರಳಿನ ಮನೆಮದ್ದಿನ ಲೇಖನ ‘ಹರಳಿಗೆ ಹಿರಿಯರ ಮದ್ದು’ ಎರಡು ಸಲ ಓದಿದೆ. ಈಗ ಇದ್ದ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಪುಟ ಚೆನ್ನಾಗಿದೆ. ಅಪ್ಪ ಸೊಂಟ ಹಿಡಿದುಕೊಂಡು ಪಡಸಾಲೆಯಲ್ಲಿ ಹೊರಳಾಡುತ್ತಿದ್ದಾರೆ, ಅಜ್ಜಿ ಹುರಳಿ ಕಟ್ಟಿನ ಚರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ಆಮೇಲೆ ಅಜ್ಜಿ ಪತ್ತೆಯೇ ಇಲ್ಲ! ಬಾಳೆದಿಂಡು, ನೆಗ್ಗಿಲ ಮುಳ್ಳು, ಕಪ್ಪತಗುಡ್ಡದ ಬೇರು ಅಂತ ಒಂಬತ್ತು ಪುಟ ಸಂತೆ ಚೀಟಿ ಆಗಿದೆ.

ಹಳೆಯ ಕಾಲದ ಶಸ್ತ್ರವೈದ್ಯ ಸುಶ್ರುತ ಕತ್ತಿ ಮುಟ್ಟದೆ ಹರಳು ಕರಗಿಸುತ್ತಿದ್ದ ಎಂದಿದ್ದೀರಿ. ಅವನ ಗ್ರಂಥ ‘ಸುಶ್ರುತ ಸಂಹಿತೆ’ ತೆರೆದು ನೋಡಿದಂತಿಲ್ಲ. ಚಿಕಿತ್ಸಾಸ್ಥಾನದ 7ನೇ ಅಧ್ಯಾಯ ಓದಿ. ಹುರಳಿ ಅಲ್ಲೂ ಇದೆ, ಪಾಷಾಣಭೇದ ಎಂಬ ಮದ್ದಿನ ಗಿಡವೂ ಇದೆ. ಆದರೆ ರೋಗ ಹೊಸದಿದ್ದರೆ ಮದ್ದು, ಬಲಿತರೆ ಕತ್ತಿ. ಅದೂ ಕೊನೆಯ ದಾರಿ, ಯಾಕೆಂದರೆ ಪಳಗಿದ ಕೈಯಲ್ಲೂ ರೋಗಿ ಉಳಿಯುವ ಖಾತ್ರಿ ಇಲ್ಲ. ಅದಕ್ಕೇ ಮೊದಲು ಒಡೆಯನ, ಅಂದರೆ ರಾಜನ, ಅಪ್ಪಣೆ ಕೇಳಬೇಕು. ಗುದದೊಳಗೆ ಎರಡು ಬೆರಳಿಟ್ಟು ಹರಳನ್ನು ಕೆಳಗೆ ತರಬೇಕು. ಗುದದ ಮುಂದಿನ ನಡುಗೆರೆಯಿಂದ ಒಂದು ಜವೆಗೋಧಿ ಕಾಳಿನಷ್ಟು ಎಡಕ್ಕೆ ಸರಿದು ಕೊಯ್ಯಬೇಕು. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಮತ್ತು ಈ ರೋಗ ಜಾಸ್ತಿ ಕಾಡುತ್ತಿದ್ದದ್ದು ಚಿಕ್ಕ ಮಕ್ಕಳನ್ನು. ಅರಿವಳಿಕೆ ಇಲ್ಲದ ಕಾಲದಲ್ಲಿ ಆ ಮಗುವನ್ನು ಹಿಡಿದುಕೊಂಡವರ ಕೈ ಹೇಗಿದ್ದೀತು? ಇಷ್ಟು ದೊಡ್ಡ ವಿಷಯ ಬಿಟ್ಟು ‘ನಮ್ಮವರಿಗೆ ಎಲ್ಲ ಗೊತ್ತಿತ್ತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ!

ಇನ್ನೊಂದು ಗೊಂದಲ. ಸುಶ್ರುತ ಕೊಯ್ದದ್ದು ಮೂತ್ರಚೀಲದ ಹರಳಿಗೆ. ನಿಮ್ಮ ಅಪ್ಪನದು ಕಿಡ್ನಿ ಹರಳು. ನೀವು ಎರಡನ್ನೂ ಒಂದೇ ಮಾಡಿದ್ದೀರಿ.

ಕಟ್ಟು ಕುಡಿದು ಹರಳು ಕರಗಿತು ಅಂತಲೂ ಬರೆಯಬೇಡಿ. 5 ಮಿಲಿಮೀಟರ್ ಒಳಗಿನವು ಬಹುಪಾಲು ತಾವಾಗಿಯೇ ಬೀಳುತ್ತವೆ. ಹೋದದ್ದು ಹುರಳಿಯಿಂದಲೋ, ಜೊತೆಗೆ ಕುಡಿದ ಕೊಡಗಟ್ಟಲೆ ನೀರಿನಿಂದಲೋ, ಯಾರು ಹೇಳಬೇಕು? ಓದುವವರಲ್ಲಿ ಜ್ವರ ಬಂದು ಮೂತ್ರ ಕಟ್ಟಿಕೊಂಡವರೂ ಇರುತ್ತಾರೆ. ಅವರು ನಿಮ್ಮನ್ನು ನಂಬಿ ಮನೆಯಲ್ಲೇ ಕೂತರೆ?

ಇಂಗ್ಲಿಷರನ್ನು ಸುಮ್ನೆ ಕೆಣಕಿದ್ದೀರಿ. ಕೆಣಕುವುದಾದರೆ ಸರಿಯಾಗಿ ಕೆಣಕಿ. 1739ರಲ್ಲಿ ಬ್ರಿಟನ್ ಪಾರ್ಲಿಮೆಂಟ್ ಜೋನ್ನಾ ಸ್ಟೀಫನ್ಸ್ ಎಂಬಾಕೆಯ ಹರಳಿನ ಮದ್ದಿನ ಗುಟ್ಟಿಗೆ 5,000 ಪೌಂಡ್ ಮಂಜೂರು ಮಾಡಿತು. ಒಳಗಿದ್ದದ್ದು ಸುಟ್ಟ ಮೊಟ್ಟೆಚಿಪ್ಪು, ಬಸವನಹುಳು, ಸೋಪು!

ಮೂರು ಪುಟಕ್ಕೆ ಇಳಿಸಿ ಕಳಿಸಿ. ಅಜ್ಜಿ ಕಟ್ಟಿಗೆ ಉಪ್ಪು ಹಾಕುತ್ತಿದ್ದಳೋ ಇಲ್ಲವೋ, ಅವ್ವನನ್ನು ಕೇಳಿ ಅದನ್ನೂ ಬರೆಯಿರಿ.