ಹರಕೆಯ ದಿನಗಳಲ್ಲಿ ನಿಂತುಹೋದ ಮಾತ್ರೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಈ ಪ್ರಕರಣವನ್ನು ಬರೆದಿದ್ದೇನೆ. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರ ಕುಟುಂಬವೊಂದರ 22 ವರ್ಷದ ಯುವತಿಯನ್ನು, ನರರೋಗ ತಜ್ಞರ ಸೂಚನೆಯಂತೆ, ತಂದೆತಾಯಿ ಮೈಸೂರಿಗೆ ನನ್ನ ಬಳಿ ಕರೆತಂದಿದ್ದರು. ಪಿಯುಸಿಯಲ್ಲಿದ್ದಾಗ ಕಾಣಿಸಿಕೊಂಡ ಅಪಸ್ಮಾರ (ಫಿಟ್ಸ್ ಕಾಯಿಲೆ) ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆಯಿಂದ ಹತೋಟಿಗೆ ಬಂದಿತ್ತು. ವರ್ಷಕ್ಕೂ ಮೇಲ್ಪಟ್ಟು ಫಿಟ್ಸ್ ಬಂದಿರಲಿಲ್ಲ. ಮದುವೆಯ ಮಾತು ಶುರುವಾದಾಗ, ಗಂಡಿನ ಕಡೆಯವರು ನೋಡಲು ಬರುವ ಮೊದಲೇ ಕಾಯಿಲೆ ಬೇರುಸಹಿತ ಹೋಗಲೆಂದು ತಾಯಿ ನಂಜನಗೂಡಿನ ಶ್ರೀಕಂಠೇಶ್ವರನಿಗೆ 48 ದಿನಗಳ ವ್ರತದ ಹರಕೆ ಹೊತ್ತರು. ಮಾತ್ರೆ ನುಂಗುತ್ತ ವ್ರತ ಮಾಡಿದರೆ ದೇವರನ್ನು ನಂಬದಂತಾಗುತ್ತದೆ ಎಂದೆಣಿಸಿ ಅದನ್ನು ನಿಲ್ಲಿಸಿದರು. ಶಿವರಾತ್ರಿಯಂದು ದಿನವಿಡೀ ಉಪವಾಸವಿದ್ದು, ರಾತ್ರಿಯಿಡೀ ಜಾಗರಣೆ ಮಾಡಿದ ಮಗಳು ಮರುದಿನ ಬೆಳಗ್ಗೆ ಅಂಗಳದಲ್ಲಿ ಬಿದ್ದಳು. ಒಂದರ ಹಿಂದೊಂದು ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು.

“ಮಾತ್ರೆ ನುಂಗ್ಕೊಂಡು ಹರಕೆ ತೀರ್ಸಿದ್ರೆ ದೇವ್ರು ಒಪ್ತಾನಾ ಮೇಡಂ?” ಎಂದು ತಾಯಿ ಕೇಳಿದರು. ಮಗಳ ಅಳಲು ಬೇರೆ: ವ್ರತದಲ್ಲಿ ತನ್ನಿಂದಲೇ ಏನೋ ಅಪಚಾರವಾಗಿದೆ, ಅದಕ್ಕೇ ದೇವರು ಕೈಬಿಟ್ಟ ಎಂದು ಆಕೆ ನಂಬಿದ್ದಳು. ನಾನು ಮೊದಲು ಕೈಗೆತ್ತಿಕೊಂಡದ್ದು ಈ ಅಪರಾಧಭಾವವನ್ನೇ. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಚಟುವಟಿಕೆ ಕೆಲವು ಕ್ಷಣ ಅಂಕೆ ತಪ್ಪುವುದರಿಂದ ಫಿಟ್ಸ್ ಬರುತ್ತದೆಂದೂ, ಮಾತ್ರೆ ತಟ್ಟನೆ ನಿಲ್ಲುವುದು, ನಿದ್ದೆಗೆಡುವುದು, ಹೊಟ್ಟೆ ಖಾಲಿ ಬಿಡುವುದು ಅದನ್ನು ಪ್ರಚೋದಿಸಬಲ್ಲವೆಂದೂ, ಆ ರಾತ್ರಿ ಈ ಮೂರೂ ಕೂಡಿಬಂದಿದ್ದವೆಂದೂ ನಿಧಾನವಾಗಿ ವಿವರಿಸಿದೆ. ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ ಸುಮಾರು 70 ರೋಗಿಗಳು ಫಿಟ್ಸ್ ಇಲ್ಲದೆ ಬಾಳಬಹುದೆಂದು ಕೇಳಿದಾಗ ಆಕೆ ತಲೆಯೆತ್ತಿ ನೋಡಿದಳು.

ಹರಕೆಯನ್ನು ಬಿಡಿ ಎಂದು ನಾನು ಹೇಳಲಿಲ್ಲ. ಹಳೆಯ ಮೈಸೂರು ಸೀಮೆಯ ಜನ ರೋಗ ವಾಸಿಮಾಡುವ ದೇವರೆಂದು ತಲೆಮಾರುಗಳಿಂದ ನಂಬಿಕೊಂಡು ಬಂದ ನಂಜುಂಡನ ಮೇಲಿನ ಭಕ್ತಿ, ವರ್ಷಗಟ್ಟಲೆ ದಿನವೂ ಮಾತ್ರೆ ತೆಗೆದುಕೊಳ್ಳುವ ತಾಳ್ಮೆಯನ್ನು ಈ ಮನೆಗೆ ಕೊಡಬಲ್ಲದು ಎಂಬುದು ನನ್ನ ಅಭಿಪ್ರಾಯ. ಅದನ್ನು ಕಿತ್ತುಕೊಂಡರೆ ಅವರು ವೈದ್ಯರಿಂದಲೂ ದೂರವಾದಾರು. ಆದ್ದರಿಂದ ವ್ರತದ ರೀತಿಯನ್ನಷ್ಟೇ ಬದಲಾಯಿಸಿಕೊಳ್ಳಲು ಸೂಚಿಸಿದೆ. ವೈದ್ಯರು ಮತ್ತೆ ಆರಂಭಿಸಿದ ಮಾತ್ರೆಯನ್ನು ಬೆಳಗಿನ ಮತ್ತು ಸಂಜೆಯ ದೀಪ ಹಚ್ಚಿದೊಡನೆ ತೆಗೆದುಕೊಳ್ಳುವುದು, ಸೋಮವಾರ ಬರಿಹೊಟ್ಟೆಯಲ್ಲಿರದೆ ಹಾಲು, ಹಣ್ಣು, ಅವಲಕ್ಕಿ ತಿನ್ನುವುದು, ಜಾಗರಣೆಯ ಬದಲು ಸಂಜೆಯ ಪೂಜೆ ಮುಗಿಸಿ ಮಲಗುವುದು. ಸ್ನಾನದ ವಿಚಾರದಲ್ಲಿ ಮಾತ್ರ ನಾನು ಸ್ವಲ್ಪವೂ ಸಡಿಲ ಬಿಡಲಿಲ್ಲ: ಕಪಿಲೆಗೆ ಇಳಿಯಲೇಬಾರದು, ಮೆಟ್ಟಿಲ ಮೇಲೆ ನೀರಿನಿಂದ ದೂರ ಕುಳಿತು ತಾಯಿಯ ಕೈಯಿಂದ ತಲೆಗೆ ಚೊಂಬಿನಲ್ಲಿ ನೀರು ಹಾಕಿಸಿಕೊಳ್ಳಬೇಕು, ಮನೆಯಲ್ಲೂ ಬಚ್ಚಲುಮನೆಯ ಚಿಲಕ ಹಾಕಬಾರದು. ಇವೆಲ್ಲ ವ್ರತಭಂಗವೇ ಎಂಬುದನ್ನು ತಮಗೆ ಪರಿಚಯವಿದ್ದ ಅರ್ಚಕರನ್ನೇ ಕೇಳಿ ಬನ್ನಿ ಎಂದೆ. ಔಷಧಿಗೆ ದೋಷವಿಲ್ಲ, ತೀರ್ಥದ ಜೊತೆಗೇ ತೆಗೆದುಕೊಳ್ಳಲಿ ಎಂದು ಅವರು ಹೇಳಿದ್ದು ನನ್ನೆಲ್ಲ ವಿವರಣೆಗಿಂತ ಹೆಚ್ಚು ಕೆಲಸ ಮಾಡಿತು.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುತ್ತಿದ್ದ ತಂದೆಗೆ, ಅದರಿಂದ ಫಿಟ್ಸ್ ನಿಲ್ಲುವುದಿಲ್ಲವೆಂದು ತಿಳಿಸಿ, ಮಗಳನ್ನು ಮಗ್ಗುಲಾಗಿ ಮಲಗಿಸಲು, ಬಾಯಿಗೆ ಏನನ್ನೂ ತುರುಕದಿರಲು, ಗಡಿಯಾರ ನೋಡಿ 5 ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಲು ಹೇಳಿಕೊಟ್ಟೆ.

ಮದುವೆಯ ವಿಷಯದಲ್ಲಿ ಕುಟುಂಬ ಕಾಯಿಲೆಯನ್ನು ಮುಚ್ಚಿಡುವ ಯೋಚನೆಯಲ್ಲಿತ್ತು. ಮುಚ್ಚಿಟ್ಟರೆ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ, ಒಂದು ದಿನ ಅದು ತಪ್ಪಿಯೇ ತಪ್ಪುತ್ತದೆ. ಹಾಗಾಗಿ ಮಾತುಕತೆಯ ಹಂತದಲ್ಲೇ ತಿಳಿಸುವುದು ಮಗಳ ಜೀವಕ್ಕೇ ಕ್ಷೇಮವೆಂದು ಒತ್ತಿ ಹೇಳಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಮದುವೆಗೆ ಅಡ್ಡಿಯಾಗಿದ್ದುದನ್ನು 1999ರ ತಿದ್ದುಪಡಿ ತೆಗೆದುಹಾಕಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ವಾಲ್ಪ್ರೊಯೇಟ್ ಗರ್ಭದ ಶಿಶುವಿಗೆ ಅಪಾಯ ತರಬಹುದಾದ್ದರಿಂದ ಬೇರೆ ಮಾತ್ರೆಗೆ ಬದಲಾಯಿಸುವ ಬಗ್ಗೆ, ಶಿಶುವಿನ ಬೆಳವಣಿಗೆಗೆ ಬೇಕಾದ ಫೋಲಿಕ್ ಆಮ್ಲವೆಂಬ ವಿಟಮಿನ್ ಬಗ್ಗೆ ಮದುವೆಗೆ ಮೊದಲೇ ತಜ್ಞರೊಡನೆ ಮಾತನಾಡಬೇಕೆಂದೂ, ಆದರೆ ಈ ಮಾತು ಕೇಳಿ ಹೆದರಿ ಮತ್ತೊಮ್ಮೆ ತಾವಾಗಿ ನಿಲ್ಲಿಸಬಾರದೆಂದೂ ಎಚ್ಚರಿಸಿದೆ.

ಈಗ ಮಾತ್ರೆ ತಪ್ಪುತ್ತಿಲ್ಲ. ಹರಕೆಯನ್ನು ಹೊಸ ರೀತಿಯಲ್ಲಿ ಮೊದಲಿನಿಂದ ಶುರುಮಾಡಿದ್ದಾರೆ. ಅಂದು ಫಿಟ್ಸ್ ಬಂದದ್ದು ವ್ರತ ಕೆಟ್ಟದ್ದರಿಂದಲೇ ಎಂದು ತಾಯಿ ಇಂದಿಗೂ ನಂಬುತ್ತಾರೆ. ಮಗಳ ಮೇಲೆ ಆ ದೋಷವನ್ನು ಹೊರಿಸದಿರುವವರೆಗೆ, ಮಾತ್ರೆಯನ್ನು ತಾವೇ ಕೈಗಿಟ್ಟು ಕೊಡುತ್ತಿರುವವರೆಗೆ, ನಾನು ಅವರೊಡನೆ ಆ ಬಗ್ಗೆ ವಾದಿಸುವುದಿಲ್ಲ.