ಬರಿ ಬಂಡೆ ಇದ್ದ ಕಡೆ ಕಾಡು ಹೇಗೆ ಬೆಳೆಯುತ್ತದೆ? ಈ ಬದಲಾವಣೆ ಎಲ್ಲಾದರೂ ನಿಲ್ಲುತ್ತದೆಯೇ?

ಮೊದಲು ಬಂದ ಜೀವಿಗಳು ಜಾಗವನ್ನೇ ಬದಲಾಯಿಸುತ್ತವೆ, ಅದರಿಂದ ಮುಂದಿನವಕ್ಕೆ ದಾರಿಯಾಗುತ್ತದೆ. ಬಂಡೆಯ ಮೇಲೆ ಕಲ್ಲುಹೂವು, ಹಾವಸೆ ಹಿಡಿಯುತ್ತವೆ. ಅವು ಕೊಳೆತು, ಧೂಳಿನ ಜೊತೆ ಸೇರಿ ತೆಳು ಮಣ್ಣಾಗುತ್ತದೆ. ಆಮೇಲೆ ಹುಲ್ಲು, ಪೊದೆ, ಮರ. ಇದಕ್ಕೆ ಪರಿಸರ ಅನುಕ್ರಮಣ ಅನ್ನುತ್ತಾರೆ.

ಆದರೆ ಪಠ್ಯಪುಸ್ತಕದ ಈ ಕ್ರಮವನ್ನು ಜಾಸ್ತಿ ನಂಬಬೇಡಿ. ಐಸ್‌ಲ್ಯಾಂಡ್ ಬಳಿ 1963ರಲ್ಲಿ ಜ್ವಾಲಾಮುಖಿಯಿಂದ ಎದ್ದ ಸರ್ಟ್ಸಿ ದ್ವೀಪದಲ್ಲಿ ಹೂಬಿಡುವ ಜಾತಿಯ ಗಿಡ 1965ರಲ್ಲೇ ಕಾಣಿಸಿತು. ಹಾವಸೆ ಸಿಕ್ಕಿದ್ದು 1967ರಲ್ಲಿ, ಕಲ್ಲುಹೂವು 1970ರಲ್ಲಿ. ಪೂರ್ತಿ ಉಲ್ಟಾ ಅಲ್ವಾ! ಅಲ್ಲಿ ನಿಜವಾದ ತಿರುವು ಕೊಟ್ಟಿದ್ದು ಹಕ್ಕಿಗಳು. 1980ರ ದಶಕದಲ್ಲಿ ಕಡಲಹಕ್ಕಿಗಳು ಗುಂಪಾಗಿ ಗೂಡು ಕಟ್ಟತೊಡಗಿದವು. ಅವುಗಳ ಹಿಕ್ಕೆಯಿಂದ ಮಣ್ಣಿಗೆ ಸಾರಜನಕ ಸಿಕ್ಕಿತು. ಕೆಲವು ಬೀಜಗಳೂ ಅವುಗಳ ಜೊತೆಗೇ ಬಂದವು. ಗಿಡಗಳ ಬಗೆ ಬೇಗಬೇಗ ಹೆಚ್ಚಿತು.

ಸುಟ್ಟ ಕಾಡಿನ ಕಥೆ ಬೇರೆ. ಮಣ್ಣು, ಬೇರು, ಬೀಜ ಉಳಿದಿರುವುದರಿಂದ ಹಸಿರು ಬೇಗ ಮರಳುತ್ತದೆ.

ಇನ್ನು ನಿಲ್ಲುವ ವಿಚಾರ. ಪ್ರತಿ ಹವಾಮಾನಕ್ಕೂ ಗಿಡಮರಗಳ ಒಂದು ಕೊನೆಯ, ಸ್ಥಿರ ಸಮುದಾಯವಿದೆ ಎಂದು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ವಾದಿಸಿದ್ದರು. ಇನ್ನೊಬ್ಬ ಸಸ್ಯವಿಜ್ಞಾನಿ ಹೆನ್ರಿ ಗ್ಲೀಸನ್ ಒಪ್ಪಲಿಲ್ಲ. ಪ್ರತಿ ಜಾತಿಯೂ ತನ್ನಷ್ಟಕ್ಕೆ ಬರುತ್ತದೆ, ಆಕಸ್ಮಿಕಕ್ಕೂ ಪಾತ್ರವಿದೆ ಎಂದರು. ಇಂದಿನ ಒಲವು ಗ್ಲೀಸನ್ ಕಡೆಗೇ ಹೆಚ್ಚು. ಬೆಂಕಿ, ಬಿರುಗಾಳಿ, ರೋಗ ಬರುತ್ತಲೇ ಇರುವುದರಿಂದ ದೊಡ್ಡ ಕಾಡಿನೊಳಗೂ ಒಂದೊಂದು ತುಂಡು ಒಂದೊಂದು ಹಂತದಲ್ಲಿರುತ್ತದೆ.