ಗೋವನ್‌ನಲ್ಲಿ ರೂಮು ಮಾಡಬಹುದಾ ಅಂತ ಕೇಳಿದ ತಂಗಿಗೆ

ತಂಗಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಯೂನಿವರ್ಸಿಟಿಯಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿದೆ, ಅಲ್ಲೇ ಹತ್ತಿರ ಇರೋಣ ಅಂದರೆ ಬಾಡಿಗೆ ಜಾಸ್ತಿ, ಗೋವನ್‌ನಲ್ಲಿ ಒಂದು ರೂಮು ಇದೆ, ಆದರೆ ಎಲ್ಲರೂ ಆ ಏರಿಯಾ ಬೇಡ ಅಂತಾರೆ ಎಂದು ಬರೆದಿದ್ದೀಯ. ಮದುವೆಯಾಗಿ ಬಂದಾಗಿನಿಂದ ನಾನು ಗೋವನ್‌ನಲ್ಲೇ ಇದ್ದೇನೆ. ಧೈರ್ಯವಾಗಿ ಬಾ.

ಕ್ಲೈಡ್ ನದಿಯ ದಕ್ಷಿಣಕ್ಕೆ ಗೋವನ್, ಎದುರು ದಡದಲ್ಲಿ ಪಾರ್ಟಿಕ್, ಅದರಾಚೆ ಗುಡ್ಡದ ಮೇಲೆ ನಿನ್ನ ಯೂನಿವರ್ಸಿಟಿ. ಹಿಂದೆ ನದಿ ದಾಟಲು ದೋಣಿ ಇತ್ತು, 1960ರ ದಶಕದಲ್ಲಿ ನಿಂತಿತು. 2024ರ ಸೆಪ್ಟೆಂಬರ್‌ನಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಅಂತಲೇ ಸೇತುವೆಯಾಯಿತು. ಈಗ ಸುಮಾರು ಅರ್ಧ ಗಂಟೆ ನಡೆದರೆ ಕ್ಲಾಸು. ಮಳೆ ಬಂದರೆ ಸಬ್‌ವೇ, ಅಂದರೆ ನೆಲದಡಿಯ ರೈಲು ಇದೆ, ಮೂರನೇ ಸ್ಟೇಷನ್ ಹಿಲ್‌ಹೆಡ್‌ನಲ್ಲಿ ಇಳಿ.

ಬೇಡ ಅನ್ನುವವರು ಹಡಗು ಕಾರ್ಖಾನೆಗಳು ಒಂದೊಂದೇ ಮುಚ್ಚಿದ ಮೇಲಿನ ಗೋವನ್ ಮಾತ್ರ ನೋಡಿದ್ದಾರೆ. ಕೆಲಸ ಹೋಯಿತು, ಬಡತನ ಬಂತು, ಅದು ನಿಜ. ಆದರೆ ಇಲ್ಲಿನ ಹಳೇ ಚರ್ಚಿನಲ್ಲಿ ಸಾವಿರ ವರ್ಷದ ಹಿಂದೆ ಕೆತ್ತಿದ ಕಲ್ಲುಗಳಿವೆ. 1864ರಿಂದ 1912ರವರೆಗೆ ಗೋವನ್‌ಗೆ ತನ್ನದೇ ಪುರಸಭೆ ಇತ್ತು, ಗ್ಲಾಸ್ಗೋಗೆ ಸೇರಿದ್ದು ಆಮೇಲೆ. ಫೇರ್‌ಫೀಲ್ಡ್ ಯಾರ್ಡಿನಲ್ಲಿ ಇವತ್ತಿಗೂ ಯುದ್ಧನೌಕೆ ಕಟ್ಟುತ್ತಾರೆ.

ಆ ಯಾರ್ಡಿನ ಒಡೆಯ ಜಾನ್ ಎಲ್ಡರ್ 1869ರಲ್ಲಿ ತೀರಿಕೊಂಡ. ಹೆಂಡತಿ ಇಸಬೆಲ್ಲಾ ಕೆಲವು ತಿಂಗಳು ತಾನೇ ಯಾರ್ಡು ನಡೆಸಿದಳು. 1885ರಲ್ಲಿ ಗೋವನ್ ಜನಕ್ಕೆ ಎಲ್ಡರ್ ಪಾರ್ಕ್ ಕೊಟ್ಟಳು, ಆಮೇಲೆ ಲೈಬ್ರರಿಯನ್ನೂ ಕಟ್ಟಿಸಿದಳು. ಹೆಣ್ಣುಮಕ್ಕಳ ಕ್ವೀನ್ ಮಾರ್ಗರೆಟ್ ಕಾಲೇಜಿಗೆ ಒಂದು ದೊಡ್ಡ ಮನೆಯನ್ನೇ ಬಿಟ್ಟುಕೊಟ್ಟಳು. ಆ ಕಾಲೇಜು 1892ರಲ್ಲಿ ನಿನ್ನ ಯೂನಿವರ್ಸಿಟಿಗೆ ಸೇರಿತು. ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದರಲ್ಲಿ ಗೋವನ್ ಹಡಗಿನ ದುಡ್ಡೂ ಇದೆ. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಇನ್ನೊಬ್ಬಳು ಮೇರಿ ಬಾರ್ಬರ್. 1915ರಲ್ಲಿ ಮೊದಲ ಮಹಾಯುದ್ಧದ ಕೆಲಸಕ್ಕೆ ಜನ ತುಂಬಿಕೊಂಡರು, ಮನೆ ಮಾಲೀಕರು ಬಾಡಿಗೆ ಏರಿಸಿದರು. ಗಂಡಂದಿರು ಯುದ್ಧಕ್ಕೋ ಯಾರ್ಡಿಗೋ ಹೋಗಿದ್ದರು. ಮೇರಿ ಓಣಿ ಓಣಿಯ ಹೆಂಗಸರನ್ನು ಒಟ್ಟುಗೂಡಿಸಿ, ಏರಿಸಿದ ಬಾಡಿಗೆ ಕೊಡಲ್ಲ ಅಂತ ಕೂತಳು. ಮನೆ ಖಾಲಿ ಮಾಡಿಸಲು ಅಮೀನ ಬಂದರೆ ಗಂಟೆ ಬಾರಿಸಿ ಎಲ್ಲರನ್ನೂ ಕರೆಯುತ್ತಿದ್ದರು, ಮೆಟ್ಟಿಲಿಗೆ ಅಡ್ಡ ನಿಂತು ಹಿಟ್ಟು ಎರಚುತ್ತಿದ್ದರು. ನವೆಂಬರ್ 17ರಂದು ಸಾವಿರಾರು ಜನ ಕೋರ್ಟಿಗೆ ಮೆರವಣಿಗೆ ಹೋದರು. ವರ್ಷ ಮುಗಿಯುವುದರೊಳಗೆ ಬಾಡಿಗೆಗೆ ಕಡಿವಾಣ ಹಾಕುವ ಕಾನೂನು ಇಡೀ ಬ್ರಿಟನ್ನಿಗೇ ಬಂತು. 2018ರಲ್ಲಿ ಸಬ್‌ವೇ ಸ್ಟೇಷನ್ ಎದುರೇ ಅವಳ ಪ್ರತಿಮೆ ನಿಲ್ಲಿಸಿದ್ದಾರೆ. ಇಲ್ಲಿ ಅಕ್ಕಪಕ್ಕದವರು ಕಷ್ಟಕ್ಕೆ ಬರುತ್ತಾರೆ ಅಂತ ನಾನು ಸುಮ್ನೆ ಹೇಳುತ್ತಿಲ್ಲ.

ಈಗ ನಿನ್ನ ರೂಮಿನ ವಿಷಯ. ಏರಿಯಾ ಹೆಸರು ಕೇಳಿ ತೀರ್ಮಾನ ಮಾಡಬೇಡ, ಆ ಕಟ್ಟಡ ನೋಡು. ಎಲ್ಲರೂ ಬಳಸುವ ಮೆಟ್ಟಿಲು ಸ್ವಚ್ಛ ಇದೆಯಾ, ಕೆಳಗಿನ ಬಾಗಿಲಿಗೆ ಬೀಗ ಇದೆಯಾ, ಗೋಡೆಯಲ್ಲಿ ತೇವ ಇದೆಯಾ, ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳು. ಸ್ಕಾಟ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸಿರಬೇಕು. ಆನ್‌ಲೈನ್‌ನಲ್ಲೇ ಹುಡುಕಬಹುದು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ಅದನ್ನೂ ಮಾಲೀಕರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಇಡಬೇಕು. ಏಜೆಂಟು ಬೇರೆ ಫೀಸು ಕೇಳಿದರೆ ಕೊಡಬೇಡ. ಪಟ್ಟಿಯಲ್ಲಿ ಹೆಸರು ಸಿಗುವವರೆಗೆ ಅಲ್ಲಿಂದ ಒಂದು ರೂಪಾಯಿಯನ್ನೂ ಕಳಿಸಬೇಡ.